ಸಿದ್ಧ ಬಿಡಿಭಾಗ ಜೋಡಿಸಿದರೆ ಸಾಫ್ಟ್‌ವೇರ್ ರೆಡಿಯೇ? ‘ಜಾವಾ ಸತ್ತಿದೆ’, ‘45 ದಿನದಲ್ಲಿ ಎಂಜಿನಿಯರ್’ ಸಂದೇಶಗಳ ಹಿಂದಿನ ನಿಜ

ಪರೀಕ್ಷೆಗಳು ಮುಗಿಯುತ್ತಿದ್ದಂತೆ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡತೊಡಗುತ್ತವೆ. ‘45 ದಿನದಲ್ಲಿ ಜಾವಾ ಫುಲ್ ಸ್ಟ್ಯಾಕ್, ಕೋಡಿಂಗ್ ಬರಬೇಕಿಲ್ಲ, ಎಲ್ಲವೂ ರೆಡಿಮೇಡ್, ಕೆಲಸ ಗ್ಯಾರಂಟಿ’ ಎನ್ನುವುದು ಒಂದು. ‘ಜಾವಾ ಸತ್ತಿದೆ, ಇನ್ನು ಎಲ್ಲವನ್ನೂ ಎಐ ಬರೆಯುತ್ತದೆ, ಕಲಿತು ಸಮಯ ಹಾಳು ಮಾಡಬೇಡಿ’ ಎನ್ನುವುದು ಇನ್ನೊಂದು. ಮೊದಲನೆಯದನ್ನು ನಂಬಿ ಸಾಲ ಮಾಡಿ ಶುಲ್ಕ ಕಟ್ಟುವವರಿದ್ದಾರೆ. ಎರಡನೆಯದನ್ನು ನಂಬಿ ಅರ್ಧಕ್ಕೇ ಓದು ಬಿಡುವವರೂ ಇದ್ದಾರೆ.

ಈ ಎರಡೂ ಸಂದೇಶಗಳಲ್ಲಿ ಒಂದಿಷ್ಟು ನಿಜ ಬೆರೆತಿದೆ. ಅದಕ್ಕಾಗಿಯೇ ಅವು ಇಷ್ಟು ಸುಲಭವಾಗಿ ಹರಡುತ್ತವೆ. ದೊಡ್ಡ ಸಂಸ್ಥೆಗಳ ವೆಬ್ ಸಾಫ್ಟ್‌ವೇರ್ ಅನ್ನು ಇಂದು ಯಾರೂ ಮೊದಲ ಸಾಲಿನಿಂದ ಬರೆಯುವುದಿಲ್ಲ. ಈಗಾಗಲೇ ಯಾರೋ ಮಾಡಿಟ್ಟ ಬಿಡಿಭಾಗಗಳನ್ನು ಜೋಡಿಸಿಯೇ ಕಟ್ಟುತ್ತಾರೆ. ಆದರೆ ಜೋಡಿಸುವುದು ಎಂದರೇನು, ಅದರಲ್ಲಿ ಕಲಿಯುವಂಥದ್ದೇನು, ಕಲಿಯದೇ ಜೋಡಿಸಿದರೆ ಏನಾಗುತ್ತದೆ? ಬನ್ನಿ, ಒಂದೊಂದಾಗಿ ನೋಡೋಣ.

‘ಸರ್ವರ್ ಡೌನ್’ ಅಂದರೆ ಏನು?

‘ಸರ್ವರ್ ಡೌನ್ ಆಗಿದೆ, ನಾಳೆ ಬನ್ನಿ’ ಎಂಬ ಮಾತು ಕೇಳದ ಕನ್ನಡಿಗರು ಬಹುಶಃ ಯಾರೂ ಇಲ್ಲ. ಪಡಿತರ ಅಂಗಡಿಯಿಂದ ಹಿಡಿದು ಬ್ಯಾಂಕಿನ ತನಕ ಎಲ್ಲ ಕಡೆ ಈ ಮಾತು ಓಡಾಡುತ್ತದೆ. ನಾವು ಮೊಬೈಲಿನಲ್ಲಿ ನೋಡುವ ಪರದೆ, ಗುಂಡಿ, ಬಣ್ಣ ಇವೆಲ್ಲ ಮುಂಭಾಗ. ನಾವು ಗುಂಡಿ ಒತ್ತಿದಾಗ ಎಲ್ಲೋ ದೂರದ ಕಂಪ್ಯೂಟರಿನಲ್ಲಿ ನಿಜವಾದ ಕೆಲಸ ನಡೆಯುತ್ತದೆ. ಅದೇ ಸರ್ವರ್ ಬದಿ.

ದರ್ಶಿನಿ ಹೋಟೆಲನ್ನು ನೆನಪಿಸಿಕೊಳ್ಳಿ. ಕೌಂಟರಿನಲ್ಲಿ ಹಣ ಕೊಟ್ಟು ಟೋಕನ್ ಪಡೆಯುತ್ತೇವೆ. ಟೋಕನ್ ಒಳಗೆ ಹೋಗುತ್ತದೆ. ಅಡುಗೆಯವರು ಉಗ್ರಾಣದಿಂದ ಹಿಟ್ಟು ತಂದು ದೋಸೆ ಹುಯ್ಯುತ್ತಾರೆ. ತಟ್ಟೆ ಹೊರಗೆ ಬರುತ್ತದೆ. ಇಲ್ಲಿ ಟೋಕನ್ ಎಂದರೆ ನಮ್ಮ ಮೊಬೈಲ್ ಕಳಿಸುವ ಕೋರಿಕೆ, ಅಡುಗೆಮನೆ ಎಂದರೆ ಸರ್ವರ್, ಉಗ್ರಾಣ ಎಂದರೆ ಡೇಟಾಬೇಸ್, ತಟ್ಟೆಯಲ್ಲಿ ಬಂದ ದೋಸೆ ಎಂದರೆ ಉತ್ತರ.

ಮನೆಯಲ್ಲಿ ನಾಲ್ಕು ಜನಕ್ಕೆ ದೋಸೆ ಮಾಡುವುದಕ್ಕೂ ಬೆಳಗಿನ ಎಂಟು ಗಂಟೆಗೆ ದರ್ಶಿನಿಯಲ್ಲಿ ನಾನೂರು ಜನಕ್ಕೆ ಮಾಡುವುದಕ್ಕೂ ಇರುವ ವ್ಯತ್ಯಾಸವೇ ಸಾಮಾನ್ಯ ವೆಬ್‌ಸೈಟಿಗೂ ‘ಎಂಟರ್‌ಪ್ರೈಸ್’ ವೆಬ್ ಅಪ್ಲಿಕೇಶನ್ನಿಗೂ ಇರುವ ವ್ಯತ್ಯಾಸ. ಬ್ಯಾಂಕ್, ವಿಮೆ, ರೈಲು ಟಿಕೆಟ್, ಆಸ್ಪತ್ರೆ ದಾಖಲೆ, ಪರೀಕ್ಷಾ ಫಲಿತಾಂಶ ಇಂಥ ಕಡೆ ಸಾವಿರಾರು ಜನ ಒಮ್ಮೆಗೇ ಬರುತ್ತಾರೆ. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಹೋಗಬಾರದು. ಮಧ್ಯದಲ್ಲಿ ಕರೆಂಟ್ ಹೋದರೂ ಹಣದ ಲೆಕ್ಕ ತಪ್ಪಬಾರದು. ಯಾರು ಏನು ನೋಡಬಹುದು ಎಂಬುದಕ್ಕೆ ಕಟ್ಟುನಿಟ್ಟು ಇರಬೇಕು. ದೋಸೆ ಎಲ್ಲ ಕಡೆ ಒಂದೇ; ಕಷ್ಟ ಇರುವುದು ಈ ವ್ಯವಸ್ಥೆಯಲ್ಲಿ.

ಬಿಡಿಭಾಗದ ಆಲೋಚನೆ ಹುಟ್ಟಿದ್ದು ಎಲ್ಲಿ?

1968ರ ಅಕ್ಟೋಬರಿನಲ್ಲಿ ಆಗಿನ ಪಶ್ಚಿಮ ಜರ್ಮನಿಯ ಗಾರ್ಮಿಶ್ ಎಂಬ ಊರಿನಲ್ಲಿ ನೇಟೋ ಆಶ್ರಯದಲ್ಲಿ ಸಾಫ್ಟ್‌ವೇರ್ ತಜ್ಞರ ಸಭೆಯೊಂದು ನಡೆಯಿತು. ಅಲ್ಲಿ ಬೆಲ್ ಲ್ಯಾಬ್ಸ್‌ನ ಡಗ್ಲಸ್ ಮೆಕಿಲ್‌ರಾಯ್ ಒಂದು ವಿಚಾರ ಮುಂದಿಟ್ಟರು. ಯಂತ್ರ ಮಾಡುವವರು ನಟ್ಟು, ಬೋಲ್ಟು, ಬೇರಿಂಗುಗಳನ್ನು ತಾವೇ ಎರಕ ಹೊಯ್ಯುವುದಿಲ್ಲ, ಅಳತೆ ನೋಡಿ ಕೊಳ್ಳುತ್ತಾರೆ. ಸಾಫ್ಟ್‌ವೇರ್‌ನಲ್ಲೂ ಹಾಗೆ ಅಳತೆಗೆ ತಕ್ಕ ಸಿದ್ಧ ಬಿಡಿಭಾಗಗಳು ಏಕೆ ಸಿಗಬಾರದು ಎಂಬುದು ಅವರ ಪ್ರಶ್ನೆಯ ತಿರುಳು.

ಆ ಆಲೋಚನೆ ದೊಡ್ಡ ಪ್ರಮಾಣದಲ್ಲಿ ಕೈಗೂಡಲು ಮೂವತ್ತು ವರ್ಷಗಳೇ ಬೇಕಾದವು. 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಜಾವಾ ಭಾಷೆಯನ್ನು ಹೊರತಂದಿತು. ಒಮ್ಮೆ ಬರೆದ ಪ್ರೋಗ್ರಾಮ್ ಬೇರೆ ಬೇರೆ ಬಗೆಯ ಕಂಪ್ಯೂಟರುಗಳಲ್ಲಿ ಓಡುತ್ತದೆ ಎನ್ನುವುದು ಅದರ ದೊಡ್ಡ ಆಕರ್ಷಣೆ. 1998ರಲ್ಲಿ ‘ಎಂಟರ್‌ಪ್ರೈಸ್ ಜಾವಾ ಬೀನ್ಸ್’ ಎಂಬ ಬಿಡಿಭಾಗದ ವಿನ್ಯಾಸ ಬಂತು. 1999ರ ಕೊನೆಗೆ ಇಂಥ ಹಲವು ನಿಯಮಗಳನ್ನು ಒಟ್ಟುಗೂಡಿಸಿದ ‘ಜೆ2ಇಇ’ ಬಂತು.

ಇದರ ಹಿಂದಿನ ಉಪಾಯ ಸರಳ. ಸಾಲದ ಬಡ್ಡಿ ಲೆಕ್ಕ ಹಾಕುವುದು, ಟಿಕೆಟ್ ಕಾದಿರಿಸುವುದು ಇಂಥ ವ್ಯವಹಾರದ ಕೆಲಸವನ್ನಷ್ಟೇ ಪ್ರೋಗ್ರಾಮರ್ ಬರೆಯಬೇಕು. ಸಾವಿರ ಜನರನ್ನು ಏಕಕಾಲಕ್ಕೆ ಸಂಭಾಳಿಸುವುದು, ಭದ್ರತೆ, ಲೆಕ್ಕ ತಪ್ಪದಂತೆ ಕಾಯುವುದು ಇವನ್ನು ‘ಕಂಟೇನರ್’ ಎಂಬ ಸಾಫ್ಟ್‌ವೇರ್ ನೋಡಿಕೊಳ್ಳಬೇಕು. ಹೋಟೆಲಿನ ಹೋಲಿಕೆಯಲ್ಲೇ ಹೇಳುವುದಾದರೆ, ಅಡುಗೆಯವರು ಅಡುಗೆ ಮಾಡಲಿ. ಗ್ಯಾಸ್, ನೀರು, ಕಾವಲು, ಲೆಕ್ಕಪತ್ರ ಇವನ್ನು ಕಟ್ಟಡದವರು ನೋಡಿಕೊಳ್ಳಲಿ.

ನಂಬಿಕೆ 1: ‘ಜಾವಾ ಸತ್ತಿದೆ’

ಉಪಾಯ ಸರಳವಾಗಿದ್ದರೂ ಮೊದಮೊದಲ ರೂಪ ಸರಳವಾಗಿರಲಿಲ್ಲ. ಒಂದು ಚಿಕ್ಕ ಬಿಡಿಭಾಗ ಮಾಡಲೂ ಮೂರು ಬೇರೆ ಬೇರೆ ಜಾವಾ ಕಡತಗಳು, ಅದರ ಮೇಲೆ ಉದ್ದುದ್ದದ ಎಕ್ಸ್‌ಎಂಎಲ್ ಕಡತ ಬರೆಯಬೇಕಿತ್ತು. ಕೋಡ್ ಸರಿಯಿದೆಯೇ ಎಂದು ಪರೀಕ್ಷಿಸಬೇಕಾದರೆ ಇಡೀ ಭಾರಿ ಸರ್ವರನ್ನು ಚಾಲೂ ಮಾಡಬೇಕಿತ್ತು. ಒಂದು ಕಪ್ ಕಾಫಿಗೆ ಮದುವೆ ಮನೆಯ ಒಲೆ ಹೊತ್ತಿಸಿದ ಹಾಗೆ.

2002ರಲ್ಲಿ ರಾಡ್ ಜಾನ್ಸನ್ ಎಂಬ ಪ್ರೋಗ್ರಾಮರ್ ಪುಸ್ತಕವೊಂದರಲ್ಲಿ ಈ ಭಾರವನ್ನು ಟೀಕಿಸಿ, ಹಗುರವಾದ ದಾರಿಯನ್ನು ಕೋಡ್ ಸಹಿತ ತೋರಿಸಿದರು. ಆ ಕೋಡೇ ಬೆಳೆದು 2004ರಲ್ಲಿ ‘ಸ್ಪ್ರಿಂಗ್ ಫ್ರೇಮ್‌ವರ್ಕ್’ನ ಮೊದಲ ಆವೃತ್ತಿಯಾಯಿತು. ಅಧಿಕೃತ ಜಾವಾ ಬಳಗವೂ ಪಾಠ ಕಲಿಯಿತು. 2006ರ ಹೊಸ ಆವೃತ್ತಿಯಲ್ಲಿ ಕಡತಗಳ ರಾಶಿಯ ಬದಲು ಕೋಡಿನ ಮೇಲೆ ಒಂದೊಂದು ಗುರುತು ಬರೆದರೆ ಸಾಕು ಎನ್ನುವಂತಾಯಿತು. ಈ ಗುರುತುಗಳಿಗೆ ‘ಅನೊಟೇಶನ್’ ಎನ್ನುತ್ತಾರೆ.

ಮುಂದೆ 2010ರಲ್ಲಿ ಒರಾಕಲ್ ಕಂಪನಿ ಸನ್ ಅನ್ನು ಕೊಂಡಿತು. 2017ರಲ್ಲಿ ಜಾವಾ ಇಇಯನ್ನು ಎಕ್ಲಿಪ್ಸ್ ಫೌಂಡೇಶನ್ನಿಗೆ ಒಪ್ಪಿಸುವ ಘೋಷಣೆಯಾಯಿತು. 2018ರಲ್ಲಿ ಅದಕ್ಕೆ ‘ಜಕಾರ್ತಾ ಇಇ’ ಎಂಬ ಹೊಸ ಹೆಸರು ಬಂತು. ಜಾವಾ ಭಾಷೆಗಂತೂ ಈಗ ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಬರುತ್ತಿದೆ. 17, 21, 25 ಇವು ದೀರ್ಘಕಾಲ ಬೆಂಬಲ ಸಿಗುವ ಆವೃತ್ತಿಗಳು.

ಅಂದರೆ ಸತ್ತದ್ದು ಜಾವಾ ಅಲ್ಲ, 2000ದ ದಶಕದ ಆರಂಭದ ಬರವಣಿಗೆಯ ಶೈಲಿ. ‘ವ್ಯವಹಾರದ ಕೆಲಸ ನೀವು ಬರೆಯಿರಿ, ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ’ ಎಂಬ ಆಲೋಚನೆ ಇಂದಿನ ಸ್ಪ್ರಿಂಗ್ ಬೂಟ್‌ನಲ್ಲೂ ಇದೆ, ಪೈಥಾನ್‌ನ ಜಾಂಗೋದಲ್ಲೂ ಇದೆ, ಮೈಕ್ರೋಸಾಫ್ಟ್‌ನ ಡಾಟ್‌ನೆಟ್‌ನಲ್ಲೂ ಇದೆ. ಹೆಸರುಗಳು ಬದಲಾಗುತ್ತವೆ, ಆಲೋಚನೆ ಉಳಿಯುತ್ತದೆ. ಕಲಿಯುವವರು ಹಿಡಿಯಬೇಕಾದ್ದು ಆಲೋಚನೆಯನ್ನು.

ಇಲ್ಲೇ ಇನ್ನೊಂದು ಗೊಂದಲವನ್ನೂ ಬಿಡಿಸಿಬಿಡೋಣ. ಜಾವಾ ಬೇರೆ, ಜಾವಾಸ್ಕ್ರಿಪ್ಟ್ ಬೇರೆ. ಜಾವಾಸ್ಕ್ರಿಪ್ಟ್ 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೌಸರಿಗಾಗಿ ಹುಟ್ಟಿದ ಇನ್ನೊಂದು ಭಾಷೆ. ಹೆಸರಿನಲ್ಲಿ ಹೋಲಿಕೆ ಇದೆಯೇ ಹೊರತು ಒಂದನ್ನು ಕಲಿತರೆ ಇನ್ನೊಂದು ಬಂದಂತಲ್ಲ.

ನಂಬಿಕೆ 2: ‘ರೆಡಿಮೇಡ್ ಇದೆ, ಒಳಗಿನದು ಗೊತ್ತಿರಬೇಕಿಲ್ಲ’

ಸ್ಪ್ರಿಂಗ್ ಬೂಟ್ ಬಳಸಿ ಒಂದು ಚಿಕ್ಕ ವೆಬ್ ಅಪ್ಲಿಕೇಶನ್ ಅನ್ನು ಹತ್ತು ನಿಮಿಷದಲ್ಲಿ ಓಡಿಸಿ ತೋರಿಸಬಹುದು. ಇದು ನಿಜ. ಜಾಹೀರಾತಿನ ವಿಡಿಯೋಗಳಲ್ಲಿ ಕಾಣುವುದೂ ಇದನ್ನೇ. ಆದರೆ ಆ ಹತ್ತು ನಿಮಿಷದ ಆ್ಯಪ್ ಅನ್ನು ಬಳಸುತ್ತಿರುವವರು ಒಬ್ಬರೇ. ನೂರು ಜನ ಬಂದಾಗ ಏನಾಗುತ್ತದೆ ಎಂಬುದಕ್ಕೆ ಮೂರು ಉದಾಹರಣೆ ನೋಡೋಣ.

ಮೊದಲನೆಯದು ತಟ್ಟೆಯ ಲೆಕ್ಕ. ದರ್ಶಿನಿಯಲ್ಲಿ ಪ್ರತಿ ಗ್ರಾಹಕನಿಗೂ ಹೊಸ ತಟ್ಟೆ ಕೊಳ್ಳುವುದಿಲ್ಲ. ಒಂದಷ್ಟು ತಟ್ಟೆಗಳಿರುತ್ತವೆ, ತೊಳೆದು ಮತ್ತೆ ಬಳಸುತ್ತಾರೆ. ಸರ್ವರ್ ಮತ್ತು ಡೇಟಾಬೇಸ್ ನಡುವಿನ ಸಂಪರ್ಕಗಳೂ ಹೀಗೆಯೇ. ಪ್ರತಿ ಸಲ ಹೊಸ ಸಂಪರ್ಕ ತೆರೆಯುವುದು ನಿಧಾನ. ಆದ್ದರಿಂದ ಕೆಲವನ್ನು ತೆರೆದಿಟ್ಟು ಸರದಿಯಂತೆ ಬಳಸುತ್ತಾರೆ. ಇದಕ್ಕೆ ‘ಕನೆಕ್ಷನ್ ಪೂಲ್’ ಎನ್ನುತ್ತಾರೆ. ಸ್ಪ್ರಿಂಗ್ ಬೂಟ್ ಜೊತೆ ಬರುವ ಹಿಕಾರಿ ಎಂಬ ಪೂಲ್‌ನಲ್ಲಿ, ನಾವು ಏನೂ ಬದಲಿಸದಿದ್ದರೆ, ಹೆಚ್ಚೆಂದರೆ 10 ಸಂಪರ್ಕಗಳಿರುತ್ತವೆ. ಪಡೆದ ಸಂಪರ್ಕವನ್ನು ಹಿಂದಿರುಗಿಸಲು ಕೋಡ್ ಮರೆತರೆ, ಅಥವಾ ನಿಧಾನದ ಕೆಲಸಕ್ಕಾಗಿ ಹಿಡಿದಿಟ್ಟುಕೊಂಡರೆ, ಹನ್ನೊಂದನೆಯವರು 30 ಸೆಕೆಂಡ್ ಕಾದು ದೋಷದ ಸಂದೇಶ ನೋಡುತ್ತಾರೆ. ಹೊರಗಿನಿಂದ ನೋಡುವವರಿಗೆ ಇದು ‘ಸರ್ವರ್ ಡೌನ್’. ಒಳಗೆ ಮಾತ್ರ ಕಂಪ್ಯೂಟರ್ ಆರಾಮವಾಗಿ ಕುಳಿತಿರುತ್ತದೆ, ತಟ್ಟೆಗಳು ಖಾಲಿಯಾಗಿರುತ್ತವೆ ಅಷ್ಟೆ.

ಎರಡನೆಯದು ಉಗ್ರಾಣದ ಓಡಾಟ. ಡೇಟಾಬೇಸ್ ಜೊತೆ ಮಾತಾಡಲು ಹೈಬರ್ನೇಟ್ ಎಂಬ ಜನಪ್ರಿಯ ಬಿಡಿಭಾಗವಿದೆ. ಪ್ರೋಗ್ರಾಮರ್ ಎಸ್‌ಕ್ಯುಎಲ್ ಬರೆಯದೇ ಇದ್ದರೂ ಅದು ಹಿಂದಿನಿಂದ ಬರೆದುಕೊಡುತ್ತದೆ. ನೂರು ವಿದ್ಯಾರ್ಥಿಗಳ ಪಟ್ಟಿಯನ್ನು ಅವರವರ ಶಾಲೆಯ ಹೆಸರಿನೊಂದಿಗೆ ತೋರಿಸಬೇಕು ಎಂದುಕೊಳ್ಳಿ. ಅಜಾಗರೂಕತೆಯಿಂದ ಬರೆದರೆ, ಪಟ್ಟಿಗೆ ಒಂದು ಪ್ರಶ್ನೆ, ಆಮೇಲೆ ಪ್ರತಿ ವಿದ್ಯಾರ್ಥಿಯ ಶಾಲೆಗೆ ಒಂದೊಂದರಂತೆ ನೂರು ಪ್ರಶ್ನೆ, ಒಟ್ಟು 101 ಸಲ ಡೇಟಾಬೇಸಿಗೆ ಓಡಾಡುತ್ತದೆ. ಒಂದೇ ಸಲಕ್ಕೆ ಬುಟ್ಟಿ ತುಂಬಿ ತರುವ ಬದಲು ಒಂದೊಂದೇ ಈರುಳ್ಳಿಗಾಗಿ ಉಗ್ರಾಣಕ್ಕೆ ಹೋದಂತೆ. ಐದು ವಿದ್ಯಾರ್ಥಿಗಳನ್ನಿಟ್ಟು ಪರೀಕ್ಷಿಸಿದಾಗ ಇದು ಗೊತ್ತೇ ಆಗುವುದಿಲ್ಲ. ಎಸ್‌ಎಸ್‌ಎಲ್‌ಸಿ ಫಲಿತಾಂಶದಂಥ ದಿನ ಲಕ್ಷಾಂತರ ಮಂದಿ ಒಟ್ಟಿಗೆ ಬಂದಾಗ ಇಂಥ ತಪ್ಪು ಇಡೀ ವ್ಯವಸ್ಥೆಯನ್ನೇ ಮಲಗಿಸಬಲ್ಲದು.

ಮೂರನೆಯದು ಹಣದ ಲೆಕ್ಕ. ಅಣ್ಣನ ಖಾತೆಯಿಂದ 500 ರೂಪಾಯಿ ಕಳೆದು ತಂಗಿಯ ಖಾತೆಗೆ ಸೇರಿಸಬೇಕು. ಕಳೆದದ್ದಾಯಿತು, ಸೇರಿಸುವ ಮುನ್ನ ತೊಂದರೆಯಾಯಿತು. ಆಗ ಕಳೆದದ್ದೂ ರದ್ದಾಗಬೇಕು. ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು. ಇದೇ ‘ಟ್ರಾನ್ಸಾಕ್ಷನ್’. ಸ್ಪ್ರಿಂಗ್‌ನಲ್ಲಿ ಇದಕ್ಕೆ ಒಂದು ಅನೊಟೇಶನ್ ಬರೆದರೆ ಸಾಕು. ಆದರೆ ಆ ಗುರುತಿಗೂ ಷರತ್ತುಗಳಿವೆ. ಜಾವಾದಲ್ಲಿ ದೋಷಗಳು ಎರಡು ಬಗೆ. ನಾವು ಬೇರೆ ಏನೂ ಹೇಳದಿದ್ದರೆ ಸ್ಪ್ರಿಂಗ್ ಒಂದು ಬಗೆಯ ದೋಷ ಬಂದಾಗ ಮಾತ್ರ ಎಲ್ಲವನ್ನೂ ರದ್ದು ಮಾಡುತ್ತದೆ. ‘ಚೆಕ್ಡ್’ ಎಂಬ ಇನ್ನೊಂದು ಬಗೆಯ ದೋಷ ಬಂದರೆ ಅಲ್ಲಿಯವರೆಗೆ ಆದದ್ದನ್ನು ಹಾಗೆಯೇ ಉಳಿಸುತ್ತದೆ. ಇದನ್ನು ತಿಳಿಯದವರು ಗುರುತು ಬರೆದು ನಿಶ್ಚಿಂತರಾಗಿರುತ್ತಾರೆ; ಅಣ್ಣನ 500 ರೂಪಾಯಿ ಮಾತ್ರ ಎಲ್ಲೂ ಸೇರದೆ ಉಳಿಯುತ್ತದೆ.

ಅಷ್ಟೇ ಅಲ್ಲ, ಈ ಗುರುತಿನ ಕೈ ನಮ್ಮ ಡೇಟಾಬೇಸಿನ ಆಚೆಗೆ ಚಾಚುವುದಿಲ್ಲ. ಅಣ್ಣನ ಖಾತೆ ಒಂದು ಬ್ಯಾಂಕಿನಲ್ಲಿ, ತಂಗಿಯ ಖಾತೆ ಇನ್ನೊಂದು ಬ್ಯಾಂಕಿನಲ್ಲಿ ಇದ್ದರೆ ಎರಡೂ ಕಡೆಯ ಲೆಕ್ಕವನ್ನು ಅದೊಂದರಿಂದ ಕಟ್ಟಿಹಾಕಲಾಗದು. ‘ಹಣ ಕಡಿತವಾಗಿದೆ, ಬಾಕಿ ಇದೆ’ ಎಂಬ ಸ್ಥಿತಿ ಇರುವುದು, ಆಮೇಲೆ ಲೆಕ್ಕ ತಾಳೆ ನೋಡಿ ಹಣ ಹಿಂದಿರುಗಿಸುವ ವ್ಯವಸ್ಥೆ ಇರುವುದು ಇದೇ ಕಾರಣಕ್ಕೆ. ಆ ವ್ಯವಸ್ಥೆಯನ್ನು ಯೋಚಿಸಿ ಕಟ್ಟಬೇಕಾದವರು ಮನುಷ್ಯರು.

ಈ ಮೂರೂ ಉದಾಹರಣೆಗಳಲ್ಲಿ ಬಿಡಿಭಾಗ ಕೆಟ್ಟಿಲ್ಲ. ಅದು ತನ್ನ ನಿಯಮದಂತೆ ಸರಿಯಾಗಿಯೇ ಕೆಲಸ ಮಾಡಿದೆ. ಆ ನಿಯಮ ಏನೆಂದು ಬಳಸಿದವರಿಗೆ ಗೊತ್ತಿರಲಿಲ್ಲ, ಅಷ್ಟೆ.

ನಂಬಿಕೆ 3: ‘ಎಲ್ಲರೂ ಬಳಸುವ ಬಿಡಿಭಾಗ, ಹಾಗಾಗಿ ಸುರಕ್ಷಿತ’

ಸಾವಿರಾರು ಜನ ಬಳಸಿ ಪರೀಕ್ಷಿಸಿದ ಬಿಡಿಭಾಗ ನಾವೇ ಬರೆದದ್ದಕ್ಕಿಂತ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಆದರೆ ಅದರಲ್ಲಿ ಒಂದು ದೋಷ ಕಂಡರೆ, ಅದನ್ನು ಬಳಸಿದ ಎಲ್ಲರ ಮನೆಯ ಬೀಗವೂ ಒಟ್ಟಿಗೇ ಸಡಿಲವಾಗುತ್ತದೆ.

ಅಮೆರಿಕದ ಈಕ್ವಿಫ್ಯಾಕ್ಸ್ ಎಂಬ ಕಂಪನಿ ಜನರ ಸಾಲದ ಇತಿಹಾಸವನ್ನು ದಾಖಲಿಸಿಡುತ್ತದೆ. ಅದರ ಒಂದು ವೆಬ್ ಅಪ್ಲಿಕೇಶನ್ ಅಪಾಚೆ ಸ್ಟ್ರಟ್ಸ್ ಎಂಬ ಜಾವಾ ಬಿಡಿಭಾಗದಿಂದ ಕಟ್ಟಿದ್ದು. ಆ ಬಿಡಿಭಾಗದಲ್ಲಿ ಗಂಭೀರ ದೋಷ ಇರುವುದು, ಅದರ ದುರಸ್ತಿ ಎರಡೂ 2017ರ ಮಾರ್ಚ್‌ನಲ್ಲೇ ಪ್ರಕಟವಾಗಿದ್ದವು. ಆ ಅಪ್ಲಿಕೇಶನ್ನಿನಲ್ಲಿ ದುರಸ್ತಿ ಆಗಲಿಲ್ಲ. ಮೇ ತಿಂಗಳಲ್ಲಿ ಕಳ್ಳರು ಅದೇ ದಾರಿಯಿಂದ ಒಳನುಗ್ಗಿದರು. ಜುಲೈ ಕೊನೆಗೆ ವಿಷಯ ಕಂಪನಿಗೆ ತಿಳಿಯಿತು. ಅಷ್ಟರಲ್ಲಿ ಸುಮಾರು 14.7 ಕೋಟಿ ಜನರ ಖಾಸಗಿ ಮಾಹಿತಿ ಕಳುವಾಗಿತ್ತು. ದುರಸ್ತಿ ಉಚಿತವಾಗಿ ಸಿಗುತ್ತಿತ್ತು. ನಮ್ಮಲ್ಲಿ ಯಾವ ಬಿಡಿಭಾಗ ಎಲ್ಲಿದೆ ಎಂಬ ಲೆಕ್ಕ ಸರಿಯಿರಲಿಲ್ಲ.

2021ರ ಡಿಸೆಂಬರ್‌ನಲ್ಲಿ ಇದಕ್ಕಿಂತಲೂ ವ್ಯಾಪಕವಾದ ಗಾಬರಿ ಎದ್ದಿತು. ಲಾಗ್‌ಫೋರ್‌ಜೆ ಎಂಬುದು ಜಾವಾ ಜಗತ್ತಿನ ಡೈರಿ ಬರೆಯುವ ಬಿಡಿಭಾಗ. ಯಾರು ಬಂದರು, ಏನು ಕೇಳಿದರು, ಎಲ್ಲಿ ದೋಷವಾಯಿತು ಎಂದು ಬರೆದಿಡುವುದಷ್ಟೇ ಅದರ ಕೆಲಸ. ಆದರೆ 2013ರಲ್ಲಿ ಸೇರಿಸಿದ ಒಂದು ಸೌಲಭ್ಯದಿಂದಾಗಿ, ಬರೆಯಬೇಕಾದ ಮಾತಿನಲ್ಲಿ ಒಂದು ವಿಶೇಷ ಚಿಹ್ನೆಗಳ ಸಾಲು ಇದ್ದರೆ ಅದು ಹೇಳಿದ ವಿಳಾಸಕ್ಕೆ ಹೋಗಿ ಅಲ್ಲಿಂದ ಕೋಡ್ ತಂದು ಓಡಿಸುವ ಸಾಧ್ಯತೆ ಇತ್ತು. ಮೈನ್‌ಕ್ರಾಫ್ಟ್ ಆಟದ ಚಾಟ್‌ನಲ್ಲಿ ಒಂದು ಸಾಲು ಟೈಪ್ ಮಾಡಿದರೂ ಸಾಕಿತ್ತು. ದೋಷದ ತೀವ್ರತೆಗೆ 10ಕ್ಕೆ 10 ಅಂಕ ಬಿತ್ತು. ‘ಲಾಗ್‌ಫೋರ್‌ಶೆಲ್’ ಎಂದು ಇದಕ್ಕೆ ಹೆಸರಾಯಿತು.

ಆಗ ಎಷ್ಟೋ ಸಂಸ್ಥೆಗಳಿಗೆ ತಾವು ಅದನ್ನು ಬಳಸುತ್ತಿದ್ದೇವೆಯೇ ಇಲ್ಲವೇ ಎಂದು ಹೇಳುವುದೇ ಕಷ್ಟವಾಯಿತು. ಮದುವೆಗೆ ಒಬ್ಬರನ್ನು ಕರೆದರೆ ಅವರ ಜೊತೆ ನಾಲ್ಕು ಜನ ಬರುತ್ತಾರೆ, ಆ ನಾಲ್ವರ ಜೊತೆ ಇನ್ನಷ್ಟು ಜನ. ಬಿಡಿಭಾಗಗಳೂ ಹಾಗೆಯೇ. ನಾವು ಕರೆದದ್ದು ಒಂದನ್ನು, ಅದರ ಬೆನ್ನಿಗೆ ಬಂದವು ಹತ್ತಾರು. ಅವುಗಳ ನಡುವೆ ಲಾಗ್‌ಫೋರ್‌ಜೆಯೂ ಕುಳಿತಿತ್ತು.

ಬಿಡಿಭಾಗ ಇಲ್ಲವಾದರೂ ತೊಂದರೆಯೇ. 2016ರ ಮಾರ್ಚ್‌ನಲ್ಲಿ ಜಾವಾಸ್ಕ್ರಿಪ್ಟ್ ಜಗತ್ತಿನ ‘ಲೆಫ್ಟ್-ಪ್ಯಾಡ್’ ಎಂಬ 11 ಸಾಲಿನ ಬಿಡಿಭಾಗವನ್ನು ಅದನ್ನು ಬರೆದವರೇ ಹಿಂದಕ್ಕೆ ಪಡೆದರು. ಪದದ ಎಡಕ್ಕೆ ಖಾಲಿ ಜಾಗ ಸೇರಿಸುವುದಷ್ಟೇ ಅದರ ಕೆಲಸ. ಅದರ ಮೇಲೆ ನೇರವಾಗಿ, ಪರೋಕ್ಷವಾಗಿ ನಿಂತಿದ್ದ ಅಸಂಖ್ಯ ಸಾಫ್ಟ್‌ವೇರ್‌ಗಳನ್ನು ಕಟ್ಟುವ ಕೆಲಸ ಕೆಲವು ಗಂಟೆಗಳ ಕಾಲ ನಿಂತುಹೋಯಿತು.

ಇದಕ್ಕೆ ಹೆದರಿ ಬಿಡಿಭಾಗಗಳನ್ನೇ ಬಿಡಬೇಕೆಂದಲ್ಲ. ಗೂಢಲಿಪಿ, ಪಾಸ್‌ವರ್ಡ್ ಕಾಯುವುದು ಇಂಥವನ್ನು ನಾವೇ ಬರೆಯಹೊರಟರೆ ಅಪಾಯ ಇನ್ನೂ ಹೆಚ್ಚು. ಹೋಟೆಲಿನವರು ಹಾಲು, ಹಿಟ್ಟು, ಎಣ್ಣೆ ಎಲ್ಲಿಂದ ಬಂತು, ಯಾವತ್ತಿನದು ಎಂದು ಬರೆದಿಟ್ಟುಕೊಳ್ಳುವ ಹಾಗೆ, ಯಾವ ಬಿಡಿಭಾಗದ ಯಾವ ಆವೃತ್ತಿ ನಮ್ಮಲ್ಲಿದೆ ಎಂಬ ಪಟ್ಟಿ ಇರಬೇಕು. ಬೇಡದ್ದನ್ನು ಸೇರಿಸಬಾರದು. ದುರಸ್ತಿ ಬಂದ ಕೂಡಲೇ ಹಾಕಬೇಕು. ಈ ಶಿಸ್ತು ಕೂಡ ಕಲಿಕೆಯ ಭಾಗವೇ.

ನಂಬಿಕೆ 4: ‘ಇನ್ನು ಎಲ್ಲವನ್ನೂ ಎಐ ಬರೆಯುತ್ತದೆ’

ಎಐ ಸಾಧನಗಳು ಇಂದು ಕೋಡ್ ಬರೆದುಕೊಡುತ್ತವೆ, ಹಲವು ಸಲ ಚೆನ್ನಾಗಿಯೇ ಬರೆಯುತ್ತವೆ. ಬೇಸರದ, ಪದೇ ಪದೇ ಬರೆಯುವ ಭಾಗವನ್ನು ಅವುಗಳಿಗೆ ಬಿಡಬಹುದು. ಆದರೆ ಮೇಲೆ ನೋಡಿದ ಮೂರು ತಪ್ಪುಗಳನ್ನು ಮತ್ತೊಮ್ಮೆ ನೆನೆಯಿರಿ. ಮೂರರಲ್ಲೂ ಕೋಡ್ ದೋಷವಿಲ್ಲದೆ ಓಡುತ್ತದೆ. ಓಡುತ್ತಿರುವ ಕೋಡಿನಲ್ಲಿ ತಪ್ಪು ಗುರುತಿಸಬೇಕಾದರೆ ಒಳಗೆ ಏನು ನಡೆಯುತ್ತಿದೆ ಎಂದು ಗೊತ್ತಿರಬೇಕು.

ಎಐ ಸಾಧನಗಳು ಕೆಲವೊಮ್ಮೆ ಅಸ್ತಿತ್ವದಲ್ಲೇ ಇಲ್ಲದ ಬಿಡಿಭಾಗದ ಹೆಸರನ್ನು ಬಹಳ ಭರವಸೆಯಿಂದ ಹೇಳುವುದುಂಟು. ಆ ಹೆಸರಿನಲ್ಲಿ ಯಾರಾದರೂ ದುರುದ್ದೇಶದ ಕೋಡ್ ಇಟ್ಟಿದ್ದರೆ, ನೋಡದೇ ಸೇರಿಸಿದವರು ಕಳ್ಳನಿಗೆ ತಾವೇ ಬಾಗಿಲು ತೆರೆದಂತೆ. ಹಾಗಾಗಿ ಎಐ ಬಂದ ಮೇಲೆ ಕಲಿಯುವ ಅಗತ್ಯ ಹೋಗಿಲ್ಲ, ಕಲಿಯಬೇಕಾದ್ದರ ತೂಕ ಬದಲಾಗಿದೆ. ಬರೆಯುವ ವೇಗಕ್ಕಿಂತ ಓದಿ ಪರೀಕ್ಷಿಸುವ ಶಕ್ತಿಗೆ ಬೆಲೆ ಹೆಚ್ಚಿದೆ.

ಹಾಗಾದರೆ ಕಲಿಯುವುದು ಹೇಗೆ?

ಮನೆ ಕಟ್ಟುವಾಗ ಪಾಯ ಮೊದಲು, ಬಣ್ಣ ಕೊನೆಗೆ. ಇಲ್ಲೂ ಒಂದು ಕ್ರಮವಿದೆ.

1. ಮೊದಲು ಭಾಷೆ. ಜಾವಾದ ವಸ್ತು, ವರ್ಗ, ಇಂಟರ್‌ಫೇಸ್, ದೋಷ ನಿರ್ವಹಣೆ, ಪಟ್ಟಿಗಳು ಇವು ಕೈಗೆ ಹತ್ತಬೇಕು. ಇಂಟರ್‌ಫೇಸ್ ಅರ್ಥವಾಗದೆ ಬಿಡಿಭಾಗ ಅರ್ಥವಾಗದು. ಪ್ಲಗ್ಗು ಮತ್ತು ಸಾಕೆಟ್ಟಿನ ನಡುವಿನ ಒಪ್ಪಂದವೇ ಅದು.

2. ಆಮೇಲೆ ಎಸ್‌ಕ್ಯುಎಲ್. ಡೇಟಾಬೇಸಿನ ಜೊತೆ ನೇರವಾಗಿ ಮಾತಾಡಲು ಬಂದರೆ, ಹೈಬರ್ನೇಟ್ ಹಿಂದಿನಿಂದ ಬರೆಯುವುದನ್ನು ಓದಿ ಸರಿ ತಪ್ಪು ಹೇಳಬಹುದು.

3. ಆಮೇಲೆ ಎಚ್‌ಟಿಟಿಪಿ. ಕೋರಿಕೆ ಹೇಗೆ ಹೋಗುತ್ತದೆ, ಉತ್ತರ ಹೇಗೆ ಬರುತ್ತದೆ, 404 ಎಂದರೇನು, 500 ಎಂದರೇನು, ಕುಕಿ ಏಕೆ ಬೇಕು ಎಂಬುದು. ಬ್ರೌಸರಿನಲ್ಲೇ ಇರುವ ಡೆವಲಪರ್ ಟೂಲ್ಸ್ ತೆರೆದರೆ ಇದೆಲ್ಲ ಕಣ್ಣಿಗೆ ಕಾಣುತ್ತದೆ.

4. ಫ್ರೇಮ್‌ವರ್ಕ್ ಇಲ್ಲದೆ, ಬರೀ ಸರ್ವ್‌ಲೆಟ್ ಬಳಸಿ ಒಂದು ಚಿಕ್ಕ ಅಪ್ಲಿಕೇಶನ್. ಊರಿನ ಗ್ರಂಥಾಲಯದ ಪುಸ್ತಕ ಕೊಡುವ, ಹಿಂದೆ ಪಡೆಯುವ ಲೆಕ್ಕ ಸಾಕು. ಇದು ಕಷ್ಟ, ಬೇಸರದ ಕೆಲಸ. ಆದರೆ ಸ್ಪ್ರಿಂಗ್ ಯಾವ ಕಷ್ಟ ತಪ್ಪಿಸುತ್ತಿದೆ ಎಂಬುದು ಇದರಿಂದಲೇ ತಿಳಿಯುವುದು.

5. ಅದೇ ಅಪ್ಲಿಕೇಶನ್ ಅನ್ನು ಸ್ಪ್ರಿಂಗ್ ಬೂಟ್ ಅಥವಾ ಜಕಾರ್ತಾ ಇಇಯಲ್ಲಿ ಮತ್ತೆ ಕಟ್ಟುವುದು. ಜೊತೆಗೆ ಮೇವನ್ ಬಳಸಿ ಯಾವ ಬಿಡಿಭಾಗ ಯಾರ ಬೆನ್ನಿಗೆ ಬಂತು ಎಂಬ ವಂಶವೃಕ್ಷವನ್ನು ತೆಗೆದು ನೋಡುವುದು.

6. ಕೊನೆಗೆ ಕೆಡಿಸಿ ನೋಡುವುದು. ಮಧ್ಯದಲ್ಲಿ ಡೇಟಾಬೇಸ್ ನಿಲ್ಲಿಸಿ. ಪೂಲ್ ಅನ್ನು 2ಕ್ಕೆ ಇಳಿಸಿ ಒಮ್ಮೆಗೇ ಐವತ್ತು ಕೋರಿಕೆ ಕಳಿಸಿ. ಹಣ ವರ್ಗಾವಣೆಯ ನಡುವೆ ಬೇಕೆಂದೇ ದೋಷ ಎಬ್ಬಿಸಿ ಲೆಕ್ಕ ಉಳಿಯಿತೇ ನೋಡಿ. ಲಾಗ್ ಓದಿ.

ಹೊಸಬರು ಎಡವುವ ಒಂದು ಕಲ್ಲನ್ನು ಇಲ್ಲೇ ತೋರಿಸಿಬಿಡುತ್ತೇವೆ. ಹಳೆಯ ವಿಡಿಯೋ ನೋಡಿ ಬರೆದ ಕೋಡ್ ಓಡದಿದ್ದರೆ ನಿಮ್ಮ ತಲೆಗೆ ಹತ್ತಲಿಲ್ಲ ಎಂದುಕೊಳ್ಳಬೇಡಿ. 2020ರ ಜಕಾರ್ತಾ ಇಇ 9ರಿಂದ ಬಹಳಷ್ಟು ಬಿಡಿಭಾಗಗಳ ವಿಳಾಸ ‘ಜಾವಾಎಕ್ಸ್’ನಿಂದ ‘ಜಕಾರ್ತಾ’ಕ್ಕೆ ಬದಲಾಗಿದೆ. 2022ರ ನವೆಂಬರ್‌ನಲ್ಲಿ ಬಂದ ಸ್ಪ್ರಿಂಗ್ ಬೂಟ್ 3 ಕೂಡ ಹೊಸ ವಿಳಾಸವನ್ನೇ ಕೇಳುತ್ತದೆ, ಜೊತೆಗೆ ಜಾವಾ 17 ಅಥವಾ ಅದಕ್ಕಿಂತ ಹೊಸದು ಬೇಕು. ವಿಡಿಯೋ ಯಾವ ವರ್ಷದ್ದು, ಯಾವ ಆವೃತ್ತಿಯದು ಎಂದು ಮೊದಲು ನೋಡಿ.

ಇದಕ್ಕೆಲ್ಲ ಬೇಕಾದ ಓಪನ್‌ಜೆಡಿಕೆ, ಪೋಸ್ಟ್‌ಗ್ರೆಸ್‌ಕ್ಯುಎಲ್, ಎಕ್ಲಿಪ್ಸ್, ಸ್ಪ್ರಿಂಗ್ ಎಲ್ಲವೂ ಉಚಿತ. ಇವುಗಳ ಅಧಿಕೃತ ಕೈಪಿಡಿಗಳೂ ಉಚಿತ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಕಂಪ್ಯೂಟರ್ ಪಾಠಗಳನ್ನು ಉಚಿತವಾಗಿ ಕೊಡುತ್ತದೆ. ಇಂಗ್ಲಿಷ್ ಅಷ್ಟಾಗಿ ಬರದು ಎಂಬ ಕಾರಣಕ್ಕೆ ಯಾರೂ ಹಿಂಜರಿಯಬೇಕಿಲ್ಲ.

ಶುಲ್ಕ ಕಟ್ಟುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ತರಗತಿಗೆ ಸೇರುವುದು ತಪ್ಪಲ್ಲ. ಒಳ್ಳೆಯ ಮೇಷ್ಟ್ರು ಸಿಕ್ಕರೆ ಆರು ತಿಂಗಳ ತಡಕಾಟ ಉಳಿಯುತ್ತದೆ. ಆದರೆ ಸೇರುವ ಮುನ್ನ ಇಷ್ಟನ್ನಾದರೂ ಕೇಳಿ. ಎಸ್‌ಕ್ಯುಎಲ್ ಮತ್ತು ಜಾವಾ ಅಡಿಪಾಯಕ್ಕೆ ಎಷ್ಟು ದಿನ ಕೊಡುತ್ತೀರಿ? ಟ್ರಾನ್ಸಾಕ್ಷನ್, ಭದ್ರತೆ, ಪರೀಕ್ಷೆ ಬರೆಯುವುದು ಪಾಠದಲ್ಲಿದೆಯೇ? ಸ್ಪ್ರಿಂಗ್ ಬೂಟ್‌ನ ಯಾವ ಆವೃತ್ತಿ ಕಲಿಸುತ್ತೀರಿ? ಪ್ರಾಜೆಕ್ಟ್ ಅನ್ನು ನಾವೇ ಕಟ್ಟುತ್ತೇವೆಯೇ, ಎಲ್ಲರಿಗೂ ಒಂದೇ ಪ್ರಾಜೆಕ್ಟ್ ನಕಲು ಕೊಡುತ್ತೀರಾ? ‘ಕೆಲಸ ಗ್ಯಾರಂಟಿ’ ಎಂದಿರಲ್ಲ, ಅದನ್ನು ಬರೆದುಕೊಡುತ್ತೀರಾ, ಆಗದಿದ್ದರೆ ಶುಲ್ಕ ಹಿಂದಿರುಗಿಸುತ್ತೀರಾ?

ಕೊನೆಯ ಪ್ರಶ್ನೆಗೆ ಬಾಯಿಮಾತಿನ ಉತ್ತರವಷ್ಟೇ ಬಂದರೆ, ಅದು ಗ್ಯಾರಂಟಿ ಅಲ್ಲ ಎಂದು ತಿಳಿಯಿರಿ. 45 ದಿನದಲ್ಲಿ ಒಂದು ಪರಿಚಯ ಆಗಬಹುದು. ಹೊಸದಾಗಿ ಶುರುಮಾಡುವವರಿಗೆ ಮೇಲಿನ ಆರು ಮೆಟ್ಟಿಲು ಹತ್ತಲು ದಿನಗಳಲ್ಲ, ತಿಂಗಳುಗಳೇ ಬೇಕು.

ಫಾರ್ವರ್ಡ್ ಮಾಡುವ ಮುನ್ನ

ಸಿದ್ಧ ಬಿಡಿಭಾಗ ನಮ್ಮ ಕೈಯ ಕೆಲಸ ಉಳಿಸುತ್ತದೆ, ತಲೆಯ ಕೆಲಸ ಉಳಿಸುವುದಿಲ್ಲ. ಜಾವಾ ಸತ್ತಿಲ್ಲ, ಹಳೆಯ ಶೈಲಿ ಮರೆಯಾಗಿದೆ. ರೆಡಿಮೇಡ್ ಇರುವುದು ನಿಜ, ಅದರ ನಿಯಮ ತಿಳಿಯದೆ ಬಳಸಿದರೆ ಹಣದ ಲೆಕ್ಕವೂ ಜನರ ಮಾಹಿತಿಯೂ ಕೈತಪ್ಪುವುದೂ ಅಷ್ಟೇ ನಿಜ. ಎಐ ಸಹಾಯಕ್ಕೆ ಬರುತ್ತದೆ, ಹೊಣೆ ಹೊರುವುದಿಲ್ಲ.

ನಾವು ಬಳಸುವ ಬ್ಯಾಂಕ್ ಆ್ಯಪ್, ನಮ್ಮ ಮಕ್ಕಳ ಫಲಿತಾಂಶ, ಅಮ್ಮನ ಆಸ್ಪತ್ರೆ ದಾಖಲೆ ಎಲ್ಲವೂ ಇಂಥ ಬಿಡಿಭಾಗಗಳ ಮೇಲೆಯೇ ನಿಂತಿವೆ. ಅವನ್ನು ಜೋಡಿಸುವವರು ತಿಳಿದು ಜೋಡಿಸಲಿ ಎಂಬುದು ನಮ್ಮೆಲ್ಲರ ಅಗತ್ಯ. ಆದ್ದರಿಂದ ‘ಕಲಿಯಬೇಕಿಲ್ಲ’ ಎನ್ನುವ ಸಂದೇಶ ಬಂದಾಗ, ಅದು ಮೇಲಿನ ಯಾವ ಬಗೆಯದಾದರೂ ಸರಿ, ಮುಂದಕ್ಕೆ ತಳ್ಳದೆ ಅಲ್ಲೇ ನಿಲ್ಲಿಸಿ. ಕಲಿಯಲು ಹೊರಟಿರುವ ತಮ್ಮನೋ ತಂಗಿಯೋ ನಿಮ್ಮ ಮನೆಯಲ್ಲಿದ್ದರೆ, ಅದರ ಬದಲು ಆ ಆರು ಮೆಟ್ಟಿಲುಗಳ ಪಟ್ಟಿಯನ್ನು ಕಳಿಸಿ.